ಕಸಿಗೊಂಡ ಅಂಗದ ಬಾಳಿಕೆ ದಾನಿಯಿಂದಲೇ ಆರಂಭ

“ಮೂತ್ರಪಿಂಡದ ಕಸಿ ಮಾಡಿಸಿಕೊಂಡ ಒಬ್ಬರು ಇಪ್ಪತ್ತು ವರ್ಷ ನೆಮ್ಮದಿಯಿಂದ ಬಾಳುತ್ತಾರೆ, ಮತ್ತೊಬ್ಬರಿಗೆ ಐದಾರು ವರ್ಷಗಳಲ್ಲಿಯೇ ಡಯಾಲಿಸಿಸ್ ಮರಳಿ ಬರುತ್ತದೆ. ಇದೇಕೆ ಹೀಗೆ?” ಎಂದು ಸದ್ಭಕ್ತರು ನಮ್ಮನ್ನು ಕೇಳುವುದುಂಟು. ಹಲವರು ಇದರ ಕಾರಣವನ್ನು ವೈದ್ಯರ ಕೈಗುಣದಲ್ಲಿಯೋ ರೋಗಿಯ ಹಣೆಬರಹದಲ್ಲಿಯೋ ಹುಡುಕುತ್ತಾರೆ. ವೈದ್ಯರ ಕೌಶಲವೂ ರೋಗಿಯ ಪಥ್ಯವೂ ಮುಖ್ಯವೇ ಸರಿ. ಆದರೆ ದೊರೆತ ಅಂಗ ಎಂಥದು, ಅದು ಎಷ್ಟು ಬೇಗ ದೊರೆಯಿತು ಎಂಬ ಎರಡು ಸಂಗತಿಗಳು ಶಸ್ತ್ರಕ್ರಿಯೆಗೆ ಮೊದಲೇ ಅದರ ಫಲದ ಮೇಲೆ ಪ್ರಭಾವ ಬೀರಿರುತ್ತವೆ. ಈ ತಿಂಗಳು ಇವೆರಡನ್ನೂ ವಿಚಾರ ಮಾಡೋಣ.

ನಮ್ಮ ಸುಶ್ರುತಾಚಾರ್ಯರು ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ರೂಪಿಸುವ ವಿಧಾನವನ್ನು ವಿವರಿಸಿದ್ದಾರೆ. ಅಲ್ಲಿ ದಾನಿಯೂ ರೋಗಿಯೂ ಒಬ್ಬನೇ ಆದ್ದರಿಂದ ದೇಹವು ಆ ಚರ್ಮವನ್ನು ಪರಕೀಯವೆಂದು ತಿರಸ್ಕರಿಸುವುದಿಲ್ಲ. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ನಡೆಸಿದ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯೂ ಏಕರೂಪಿ ಅವಳಿ ಸಹೋದರರ ನಡುವೆಯೇ ಆಯಿತು. ಅನ್ಯರ ಅಂಗವನ್ನು ದೇಹ ಸಹಿಸುವಂತೆ ಮಾಡುವ ಪರಿಣಾಮಕಾರಿ ಔಷಧಗಳು 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಕಸಿ ಚಿಕಿತ್ಸೆ ಲೋಕದಲ್ಲಿ ಹಬ್ಬಿತು. ಅಂದಿನಿಂದ ವೈದ್ಯರ ಮುಂದಿರುವ ದೊಡ್ಡ ತೊಡಕೆಂದರೆ ಒಳ್ಳೆಯ ಅಂಗಗಳ ಅಭಾವ.

ಮೊದಲು ಅಂಗದ ಗುಣವನ್ನು ನೋಡೋಣ. ಜೀವಂತ ದಾನಿ ಕೊಟ್ಟ ಮೂತ್ರಪಿಂಡವು ಸರಾಸರಿ ಹದಿನೈದರಿಂದ ಇಪ್ಪತ್ತು ವರ್ಷ ಕೆಲಸ ಮಾಡುತ್ತದೆ. ಮೃತ ದಾನಿಯದು ಸುಮಾರು ಹತ್ತರಿಂದ ಹದಿನೈದು ವರ್ಷ. ಜೀವಂತ ದಾನಿಯನ್ನು ಮೊದಲೇ ಕೂಲಂಕಷವಾಗಿ ಪರೀಕ್ಷಿಸಿರುತ್ತಾರೆ. ಶಸ್ತ್ರಕ್ರಿಯೆಯ ದಿನವೂ ನಿಗದಿಯಾಗಿರುತ್ತದೆ. ಅಂಗವು ರಕ್ತಸಂಚಾರವಿಲ್ಲದೆ ಇರುವ ಕಾಲ ಬಹಳ ಅಲ್ಪ. ಮೃತ ದಾನಿಯ ಸಂಗತಿ ಬೇರೆ. ಮಿದುಳು ನಿಷ್ಕ್ರಿಯಗೊಂಡಾಗ ರಕ್ತದೊತ್ತಡ ಏರಿಳಿಯುತ್ತದೆ, ಅಂತಃಸ್ರಾವಗಳು ಏರುಪೇರಾಗುತ್ತವೆ, ದೇಹದಾದ್ಯಂತ ಉರಿಯೂತ ಹಬ್ಬುತ್ತದೆ. ಇದೆಲ್ಲದರ ಪೆಟ್ಟು ಅಂಗಗಳಿಗೂ ತಗಲುತ್ತದೆ.

ಅಂಗವನ್ನು ಹೊರತೆಗೆದ ಮೇಲೆ ಕಾಲದೊಡನೆ ಓಟ ಆರಂಭವಾಗುತ್ತದೆ. ಶೀತಲ ದ್ರಾವಣದಲ್ಲಿಟ್ಟ ಹೃದಯವನ್ನೂ ಶ್ವಾಸಕೋಶವನ್ನೂ ಸುಮಾರು ನಾಲ್ಕರಿಂದ ಆರು ಗಂಟೆಗಳೊಳಗೆ, ಯಕೃತ್ತನ್ನು ಎಂಟರಿಂದ ಹನ್ನೆರಡು ಗಂಟೆಗಳೊಳಗೆ ಕಸಿ ಮಾಡಬೇಕಾಗುತ್ತದೆ. ಮೂತ್ರಪಿಂಡ ಒಂದು ದಿನಕ್ಕೂ ತುಸು ಹೆಚ್ಚು ಕಾಲ ತಾಳಬಲ್ಲದು. ಆದರೆ ತಡವಾದಷ್ಟೂ ಅದು ಕಸಿಯ ನಂತರ ಕೂಡಲೇ ಕೆಲಸ ಆರಂಭಿಸದೆ ಕೆಲವು ದಿನ ಡಯಾಲಿಸಿಸ್ ಬೇಕಾಗುವ ಸಂಭವ ಹೆಚ್ಚು. ನಗರಗಳಲ್ಲಿ ಆಂಬುಲೆನ್ಸ್‌ಗಾಗಿ ಪೊಲೀಸರು ದಾರಿ ತೆರವುಗೊಳಿಸುವುದು ಈ ಕಾರಣದಿಂದಲೇ.

ದಾನಿಯ ಬದುಕಿನ ರೀತಿಯೂ ಅಂಗದೊಡನೆ ಸಾಗಿಬರುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿರುತ್ತವೆ. ವಯಸ್ಸು, ಅಧಿಕ ರಕ್ತದೊತ್ತಡ, ಮಧುಮೇಹಗಳಿಂದ ನಷ್ಟವಾದವು ಮರಳಿ ಹುಟ್ಟುವುದಿಲ್ಲ. ಮದ್ಯಪಾನದಿಂದಲೋ ಅತಿಸ್ಥೂಲತೆಯಿಂದಲೋ ಕೊಬ್ಬು ತುಂಬಿದ ಯಕೃತ್ತು ಶೀತಲ ಸಂಗ್ರಹವನ್ನು ಸಹಿಸಲಾರದು. ಬಹುಕಾಲ ಧೂಮಪಾನ ಮಾಡಿದವರ ಶ್ವಾಸಕೋಶ ಅನೇಕ ವೇಳೆ ಕಸಿಗೆ ಯೋಗ್ಯವಾಗಿರುವುದಿಲ್ಲ.

ಹಾಗಾದರೆ ವೃದ್ಧ ದಾನಿಯ ಮೂತ್ರಪಿಂಡವನ್ನು ನಿರಾಕರಿಸಬೇಕೆ? ಹಾಗೆ ತೀರ್ಮಾನಿಸುವುದು ಸರಿಯಲ್ಲ. ಅದನ್ನು ತರುಣನ ಮೂತ್ರಪಿಂಡದೊಡನೆ ಹೋಲಿಸದೆ, ರೋಗಿ ಡಯಾಲಿಸಿಸ್‌ನಲ್ಲಿಯೇ ಮುಂದುವರಿದರೆ ಏನಾಗುವುದೆಂಬುದರೊಡನೆ ಹೋಲಿಸಬೇಕು. ಮಧ್ಯಮ ಗುಣದ ಅಂಗವನ್ನು ಪಡೆದ ಹಿರಿಯ ರೋಗಿಗಳು, ಡಯಾಲಿಸಿಸ್‌ನಲ್ಲಿಯೇ ಕಾಯುತ್ತ ಉಳಿದವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಯುರೋಪಿನ ಕೆಲವು ದೇಶಗಳು 1999ರಿಂದ ಅರವತ್ತೈದು ದಾಟಿದ ದಾನಿಗಳ ಮೂತ್ರಪಿಂಡವನ್ನು ಅದೇ ವಯಸ್ಸಿನ ರೋಗಿಗಳಿಗೆ, ಸಮೀಪದ ಆಸ್ಪತ್ರೆಯಲ್ಲಿಯೇ, ಬೇಗನೆ ಕಸಿ ಮಾಡುವ ಕ್ರಮವನ್ನು ಅನುಸರಿಸುತ್ತಿವೆ.

ಇನ್ನು ಲಭ್ಯತೆಯ ವಿಚಾರ. ಡಯಾಲಿಸಿಸ್‌ನಲ್ಲಿ ಕಾಯುವ ಕಾಲ ಬೆಳೆದಂತೆ ರಕ್ತನಾಳಗಳು ಗಡುಸಾಗುತ್ತವೆ, ಹೃದಯ ದುರ್ಬಲವಾಗುತ್ತದೆ. ಬಹುಕಾಲ ಕಾದು ಕಸಿ ಮಾಡಿಸಿಕೊಂಡವರಿಗಿಂತ ಬೇಗ ಮಾಡಿಸಿಕೊಂಡವರ ಫಲ ಉತ್ತಮವೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಯಕೃತ್ತಿಗೂ ಹೃದಯಕ್ಕೂ ಡಯಾಲಿಸಿಸ್‌ನಂಥ ದೀರ್ಘಕಾಲದ ಸುಲಭ ಆಸರೆಯಿಲ್ಲ. ಅಲ್ಲಿ ಕಾಯುವಿಕೆಯೇ ಪ್ರಾಣಕ್ಕೆ ಎರವಾಗಬಹುದು. ಅಂಗಗಳು ವಿರಳವಾಗಿರುವಲ್ಲಿ ವೈದ್ಯರಿಗೆ ಆಯ್ಕೆಯೂ ವಿರಳ: ದೊರೆತದ್ದನ್ನು ಒಪ್ಪಬೇಕು, ಇಲ್ಲವೇ ಕಾಯಬೇಕು. ಹೀಗೆ ಅಭಾವವು ಗುಣವನ್ನೂ ಕುಗ್ಗಿಸುತ್ತದೆ.

2023ರಲ್ಲಿ ನಮ್ಮ ದೇಶದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಅಂಗ ಕಸಿಗಳಾದರೂ ಮೃತ ದಾನಿಗಳ ಸಂಖ್ಯೆ ಸಾವಿರದ ಆಸುಪಾಸಿನಲ್ಲಿತ್ತು. ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬ ದಾನಿಯೂ ಇಲ್ಲ. ಸ್ಪೇನ್ ದೇಶದಲ್ಲಿ ಇದೇ ಪ್ರಮಾಣ ನಲವತ್ತನ್ನೂ ಮೀರಿದೆ. ಅಲ್ಲಿ 1989ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿ, ತೀವ್ರ ನಿಗಾ ಘಟಕಗಳ ಅನುಭವವಿರುವ ವೈದ್ಯರನ್ನೇ ಆಸ್ಪತ್ರೆಗಳಲ್ಲಿ ಸಂಯೋಜಕರನ್ನಾಗಿ ನೇಮಿಸಿದರು. ಕಾನೂನು ಏನೇ ಇದ್ದರೂ ಅಲ್ಲಿ ಕುಟುಂಬದವರ ಒಪ್ಪಿಗೆಯನ್ನು ಕೇಳಿಯೇ ಮುಂದುವರಿಯುತ್ತಾರೆ. ನಮ್ಮಲ್ಲಿ ಹೆಚ್ಚಿನ ಭಾರ ಜೀವಂತ ದಾನಿಗಳ ಮೇಲಿದೆ. ಅವರಲ್ಲಿ ತಾಯಂದಿರೂ ಪತ್ನಿಯರೂ ಅಧಿಕ. ಮೃತರ ದಾನ ಹೆಚ್ಚಿದರೆ ಆ ತಾಯಂದಿರ ಭಾರ ಇಳಿಯುತ್ತದೆ.

ಕರ್ನಾಟಕದಲ್ಲಿ ಮೃತರ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. 1994ರ ಕಾಯ್ದೆಯಂತೆ ಮಿದುಳು ನಿಷ್ಕ್ರಿಯವಾಗಿದೆಯೆಂದು ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿರುವಂತಿಲ್ಲ. ಇದು ಕೋಮಾ ಅಲ್ಲ, ಮರಣವೇ; ಎದೆ ಏರಿಳಿಯುವುದು ವೆಂಟಿಲೇಟರ್‌ನ ಬಲದಿಂದ. ಆ ದುಃಖದ ಗಳಿಗೆಯಲ್ಲಿ ಬಂಧುಗಳನ್ನು ಕೇಳಿದಾಗ “ಊರಿನಿಂದ ಅಣ್ಣ ಬರಲಿ, ದೊಡ್ಡಪ್ಪ ಬರಲಿ” ಎಂದು ಗಂಟೆಗಳು ಕಳೆಯುತ್ತವೆ. ಅಷ್ಟರಲ್ಲಿ ರಕ್ತದೊತ್ತಡ ಕುಸಿದು ಅಂಗಗಳು ಕ್ಷೀಣಿಸುತ್ತವೆ; ಕೆಲವೊಮ್ಮೆ ಹೃದಯವೇ ನಿಂತುಬಿಡುತ್ತದೆ. ಲಭ್ಯತೆ, ಗುಣ ಎರಡೂ ಕುಟುಂಬದ ಆ ಒಂದು ನಿರ್ಧಾರವನ್ನು ಅವಲಂಬಿಸಿವೆ.

“ಅಂಗ ತೆಗೆದ ದೇಹಕ್ಕೆ ಸಮಾಧಿ ಸಂಸ್ಕಾರ ಮಾಡಬಹುದೇ?” ಎಂದು ನಮ್ಮವರಲ್ಲಿ ಕೆಲವರು ಅಳುಕುತ್ತಾರೆ. ಅಂಗಗಳನ್ನು ಶಸ್ತ್ರಕ್ರಿಯೆಯ ಕ್ರಮದಲ್ಲಿಯೇ ತೆಗೆದು, ಹೊಲಿದು, ಶುಚಿಗೊಳಿಸಿ ದೇಹವನ್ನು ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ. ಮುಖಕ್ಕೆ ವಿಕಾರ ಉಂಟಾಗುವುದಿಲ್ಲ. ಆಸೀನ ಭಂಗಿಯಲ್ಲಿ ಕೂರಿಸಿ ಸಮಾಧಿ ಮಾಡುವುದಕ್ಕೂ ಅಡ್ಡಿಯಿಲ್ಲ.

ಆಯುರ್ವೇದ ವೈದ್ಯರಾಗಿ ನಾವು ಹೇಳಲೇಬೇಕಾದ ಮಾತೊಂದಿದೆ. ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ನಿತ್ಯ ಸೇವಿಸಬೇಕು. ಅಂಥವರು ಆ ಶಕ್ತಿಯನ್ನು ಹೆಚ್ಚಿಸಲೆಂದು ಅಮೃತಬಳ್ಳಿಯ ಕಷಾಯವನ್ನಾಗಲಿ ಅಶ್ವಗಂಧವನ್ನಾಗಲಿ ಸ್ವಂತ ಬುದ್ಧಿಯಿಂದ ತೆಗೆದುಕೊಳ್ಳಬಾರದು. ಚಕ್ಕೋತ ಹಣ್ಣು ಕೂಡ ಆ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡಬಲ್ಲದು. ಕಸಿ ವೈದ್ಯರ ಒಪ್ಪಿಗೆಯಿಲ್ಲದೆ ಯಾವ ನಾಟಿ ಮದ್ದೂ ಬೇಡ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಿ. ತಂಬಾಕು, ಮದ್ಯಗಳಿಂದ ದೂರವಿರಿ. ಇದರಿಂದ ಕಸಿ ಬೇಕಾಗುವವರ ಸಂಖ್ಯೆಯೂ ತಗ್ಗುತ್ತದೆ, ಕೊಡಬಲ್ಲ ಅಂಗಗಳೂ ಆರೋಗ್ಯವಾಗಿರುತ್ತವೆ. ದಾನದ ಸಂಕಲ್ಪವನ್ನು ನೋಂದಾಯಿಸುವುದರ ಜೊತೆಗೆ ಮನೆಯವರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಿ. ಏಕೆಂದರೆ ಕಡೆಗೆ ವೈದ್ಯರು ಕೇಳುವುದು ಅವರನ್ನೇ. ಎಲ್ಲರೂ ಕೂಡಿ ಊಟಕ್ಕೆ ಕುಳಿತಾಗ ಒಂದು ದಿನ ಈ ಮಾತನ್ನು ಆಡಿಬಿಡಿ.