ಟೇಪಿನ ಮೇಲೆ ಸಾವಿರದೈನೂರು ವರ್ಷ

ಸಾಹಿತ್ಯ ಚರಿತ್ರೆ ಅಂದಕೂಡಲೆ ನಾವೆಲ್ಲ ಮಾಡೋದು ಒಂದೇ ಕೆಲಸ. ಇಸವಿಗಳನ್ನು ಒಂದರ ಕೆಳಗೊಂದು ಬರೆದು ಉರುಹೊಡೆಯೋದು. ಹಲ್ಮಿಡಿ ಶಾಸನ ಸುಮಾರು 450, ಕವಿರಾಜಮಾರ್ಗ ಸುಮಾರು 850, ಪಂಪನ ಆದಿಪುರಾಣ 941. ನೋಟ್‌ಬುಕ್ಕಿನಲ್ಲಿ ಈ ಮೂರರ ನಡುವೆಯೂ ಒಂದೊಂದೇ ಗೆರೆಯ ಅಂತರ. ಮೊದಲೆರಡರ ನಡುವೆ ನಾನೂರು ವರ್ಷ, ಆಮೇಲಿನೆರಡರ ನಡುವೆ ಬರೀ ತೊಂಬತ್ತು. ಲೆಕ್ಕ ಹಾಕಿದರೆ ತಿಳಿಯುತ್ತದೆ, ಕಣ್ಣಿಗೆ ಕಾಣೋದಿಲ್ಲ.

ಇದಕ್ಕೆ ನಾನು ಹಿಡಿದ ಉಪಾಯ ದರ್ಜಿಯ ಟೇಪು. ಅದರ ಉದ್ದ 150 ಸೆಂಟಿಮೀಟರ್. ಸೆಂಟಿಮೀಟರಿಗೆ ಹತ್ತು ವರ್ಷದಂತೆ, ಸೊನ್ನೆಯ ಹತ್ತಿರ ಹಲ್ಮಿಡಿಯನ್ನಿಟ್ಟು ಗೋಡೆಗೆ ಅಡ್ಡಲಾಗಿ ಬಿಗಿದುನೋಡಿ. ಕವಿರಾಜಮಾರ್ಗ 40ಕ್ಕೆ ಬರುತ್ತದೆ, ಪಂಪ 49ಕ್ಕೆ, ಹನ್ನೆರಡನೆಯ ಶತಮಾನದ ಶರಣರು 65ರಿಂದ 75ರೊಳಗೆ. ಸೊನ್ನೆಯಿಂದ 40ರ ತನಕ ಏನಿದೆ? ಕಲ್ಲುಗಳಿವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 25ರ ಹತ್ತಿರ ಕೂರುತ್ತದೆ. ಗ್ರಂಥ ಒಂದೂ ಉಳಿದಿಲ್ಲ. ಆದರೆ ಕವಿರಾಜಮಾರ್ಗವೇ ತನಗಿಂತ ಹಿಂದಿನ ದುರ್ವಿನೀತ, ನಾಗಾರ್ಜುನ, ಜಯಬಂಧು ಮೊದಲಾದವರ ಹೆಸರು ಹೇಳುತ್ತದಲ್ಲ! ಅಂದರೆ ಅಲ್ಲಿ ಬರೆಯುವವರಿದ್ದರು, ಬರೆದದ್ದು ನಮ್ಮ ಕೈಗೆ ಬರಲಿಲ್ಲ. ಪಟ್ಟಿಯಲ್ಲಿ ಮುಚ್ಚಿಹೋಗುವ ಈ ನಷ್ಟ ಟೇಪಿನಲ್ಲಿ ಮೊಳದುದ್ದ ಖಾಲಿ ಜಾಗವಾಗಿ ಎದುರಿಗೆ ನಿಲ್ಲುತ್ತದೆ.

ಕೊನೆಯ ತುದಿಗೆ ಬನ್ನಿ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರದು, ಟೇಪಿನಲ್ಲಿ 139. ಟೇಪು 1950ಕ್ಕೇ ಮುಗಿದುಹೋಗುತ್ತದೆ. ನಾವು ಕೂತಿರೋದು ಅದರಾಚೆ, ಬರೀ ಗೋಡೆಯ ಮೇಲೆ. ಪತ್ರಿಕೆ, ನವೋದಯ, ನವ್ಯ, ದಲಿತ-ಬಂಡಾಯ ಎಲ್ಲ ಸೇರಿಸಿದರೂ ಒಂದು ಗೇಣಿಗೆ ಕಡಿಮೆ. ನಮ್ಮ ಓದಿನ ಬಹುಪಾಲು ಈ ಗೇಣಿನೊಳಗಿನದೇ ಅಲ್ಲವೇ?

ಕಾಲವನ್ನು ಅಳತೆಗೆ ಸರಿಯಾಗಿ ಗೆರೆಯೆಳೆದು ತೋರಿಸುವುದರಲ್ಲಿ ಹೆಸರಾದವನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಹೌದು, ಆಮ್ಲಜನಕದ ಪ್ರೀಸ್ಟ್ಲಿಯೇ. ಮೇಷ್ಟರಾಗಿದ್ದವನು. 1765ರಲ್ಲಿ ಸುಮಾರು ಎರಡು ಸಾವಿರ ಹೆಸರಾಂತ ವ್ಯಕ್ತಿಗಳನ್ನು ಒಂದೇ ಹಾಳೆಯ ಮೇಲೆ ಹಾಕಿದ. ಒಬ್ಬೊಬ್ಬರಿಗೂ ಒಂದೊಂದು ಅಡ್ಡಗೆರೆ. ಆಯುಸ್ಸು ಎಷ್ಟೋ ಗೆರೆ ಅಷ್ಟು. ಹುಟ್ಟೋ ಸಾವೋ ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕಿ. ಈ ಚುಕ್ಕಿ ನನಗೆ ಬಹಳ ಮೆಚ್ಚಿಗೆ. ಅಕ್ಕಮಹಾದೇವಿಗೂ ಕುಮಾರವ್ಯಾಸನಿಗೂ ಪರೀಕ್ಷೆಗೆಂದು ಒಂದು ಇಸವಿ ಅಂಟಿಸಿಬಿಡುವ ಬದಲು ನಾಲ್ಕು ಚುಕ್ಕಿ ಇಡೋದು ಎಷ್ಟೋ ವಾಸಿ.

ಇನ್ನೊಂದು ಲಾಭವೂ ಉಂಟು. ಟೇಪಿನ ಮೇಲಂಚಿಗೆ ಕನ್ನಡ, ಕೆಳಂಚಿಗೆ ಹೊರಗಿನ ಪ್ರಪಂಚ ಬರೆದು 111ರ ಹತ್ತಿರ ಕಣ್ಣಾಡಿಸಿ. ಸಂಪ್ರದಾಯದಂತೆ ಪುರಂದರದಾಸರು ತೀರಿಕೊಂಡ 1564ರಲ್ಲೇ ಗೆಲಿಲಿಯೊ, ಶೇಕ್ಸ್‌ಪಿಯರ್ ಇಬ್ಬರೂ ಹುಟ್ಟಿದರು. ಮರುವರ್ಷದ ಜನವರಿಯಲ್ಲಿ ತಾಳಿಕೋಟೆ ಯುದ್ಧ. ಇವಕ್ಕೆ ಒಂದಕ್ಕೊಂದು ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ, ಗೆರೆ ಅಕ್ಕಪಕ್ಕ ಬಂದಮಾತ್ರಕ್ಕೆ ಕಾರ್ಯಕಾರಣ ಆಗೋದಿಲ್ಲ. ಆದರೆ ಬೇರೆ ಬೇರೆ ಪೀರಿಯಡ್ಡಿನಲ್ಲಿ ಕಲಿತವರು ಒಂದೇ ಕಾಲದ ಗಾಳಿ ಕುಡಿದವರು ಅಂತ ಗೊತ್ತಾಗುತ್ತದೆ.

ವಿಜ್ಞಾನದವರು ನಕ್ಕಾರು, ಅವರಿಗೆ ಈ ಟೇಪು ಎಲ್ಲಿ ಸಾಲಬೇಕು! ಇದೇ ಅಳತೆಯಲ್ಲಿ ನಮ್ಮಂಥ ಮನುಷ್ಯರ ಮೂರು ಲಕ್ಷ ವರ್ಷಕ್ಕೆ 300 ಮೀಟರ್ ಬೇಕು, ಗೇಟಿನಿಂದ ಬಸ್‌ಸ್ಟಾಪಿನಷ್ಟು ದೂರ. ಡೈನೊಸಾರುಗಳು ಅಳಿದು 6 ಕೋಟಿ 60 ಲಕ್ಷ ವರ್ಷ, ಅಂದರೆ 66 ಕಿಲೋಮೀಟರ್. ವಿ.ಟಿ.ಯಲ್ಲಿ ಲೋಕಲ್ ಹತ್ತಿದರೆ ಕಲ್ಯಾಣ ದಾಟಿ ಬದಲಾಪುರದ ಹತ್ತಿರ. ಆ ದಾರಿಯಲ್ಲಿ ಕಾಣುವ ಸಹ್ಯಾದ್ರಿಯ ಕರಿಬಂಡೆಯೂ ಹೆಚ್ಚುಕಡಿಮೆ ಅದೇ ಕಾಲದ ಲಾವಾ. ಭೂಮಿಯ ವಯಸ್ಸಿಗೆ 4,500 ಕಿಲೋಮೀಟರಿಗೂ ಮೇಲೆ; ರೈಲು ಹಳಿ ಬಿಟ್ಟು ಸಮುದ್ರಕ್ಕಿಳಿಯಬೇಕಾದೀತು.

ಈ ಉಪಾಯಕ್ಕೆ ಒಗ್ಗದ್ದೂ ಇದೆ. ಬೀಸುವ ಪದ, ಕುಟ್ಟುವ ಪದ, ಸೋಬಾನೆ ಇವನ್ನು ಯಾವ ಸೆಂಟಿಮೀಟರಿಗೆ ಚುಚ್ಚೋಣ? ಹಾಡಿದವರ ಹೆಸರಿಲ್ಲ, ಇಸವಿಯಂತೂ ಮೊದಲೇ ಇಲ್ಲ. ಪ್ರೀಸ್ಟ್ಲಿಯ ಚುಕ್ಕಿಗೂ ಒಂದು ಹೆಸರು ಬೇಕಿತ್ತು. ಬಿಟ್ಟುಬಿಟ್ಟರೆ, ಬರೆದಿಟ್ಟವರದು ಮಾತ್ರ ಚರಿತ್ರೆ ಅಂತ ಗೋಡೆಯೇ ಸಾರಿಹೇಳಿದ ಹಾಗಾಗುತ್ತದೆ. ಸದ್ಯಕ್ಕೆ ನಾನು ಟೇಪಿನ ಕೆಳಗೆ ಈ ಕೊನೆಯಿಂದ ಆ ಕೊನೆಗೆ ಒಂದು ಕೆಂಪು ದಾರ ಕಟ್ಟಿದ್ದೇನೆ, ಅಂಕಿಯಿಲ್ಲದ್ದು. ಅದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಸಂಘದ ಗೋಡೆಯಲ್ಲಿ ಇನ್ನೂ ಜಾಗವಿದೆ.