ಶಿಸ್ತಿನ ಬೆಳಕು

ಸಂಜೆಗತ್ತಲೆಯ ಗೋಡೆಯ ಮೇಲೆ ಕುಂಕುಮದ ಬೊಟ್ಟಿನಂಥ ಒಂದು ಕೆಂಪು ಚುಕ್ಕಿ. ಅದನ್ನು ಮೂಡಿಸುವ ಸಾಧನ ಬೆರಳುದ್ದದ್ದು; ಜಾತ್ರೆಯ ಅಂಗಡಿಗಳಲ್ಲಿಯೂ ದೊರೆಯುವಂಥದು. ಮಕ್ಕಳು ಅದನ್ನು ಆಟಿಕೆಯೆಂದು ಭಾವಿಸುತ್ತಾರೆ; ಹಿರಿಯರೂ ಹಾಗೆಯೇ ಭಾವಿಸಿ ಕೊಂಡುಕೊಡುತ್ತಾರೆ. ವಾಸ್ತವವಾಗಿ ಅದು ಪ್ರಯೋಗಶಾಲೆಯಿಂದ ಮನೆಗೆ ಬಂದ ಉಪಕರಣ.

ಈ ಬೆಳಕಿಗೆ ಲೇಸರ್ ಎಂದು ಹೆಸರು. ಪರಮಾಣುಗಳನ್ನು ಪ್ರಚೋದಿಸಿ ಒಂದೇ ಬಗೆಯ ಬೆಳಕನ್ನು ಹೊರಡಿಸಬಹುದೆಂಬ ತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿಯೇ ಪ್ರತಿಪಾದಿಸಿದ್ದರು. ಅದು ಕೈಗೂಡಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಥಿಯೋಡರ್ ಮೈಮನ್ ಎಂಬ ವಿಜ್ಞಾನಿ ಕೃತಕ ಮಾಣಿಕ್ಯದ ಪುಟ್ಟ ದಂಡವೊಂದನ್ನು ಸುರುಳಿಯಾಕಾರದ ಮಿಂಚುದೀಪದೊಳಗಿರಿಸಿ ಮೊತ್ತಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಸಾಮಾನ್ಯ ದೀಪದ ಬೆಳಕು ಸಂತೆ ಮುಗಿದ ಮೇಲಿನ ಜನದಂತೆ ದಿಕ್ಕುದಿಕ್ಕಿಗೆ ಚೆದುರುತ್ತದೆ. ಲೇಸರ್ ಬೆಳಕಾದರೋ ಕವಾಯತಿನ ಪಡೆಯಂತೆ. ಒಂದೇ ಬಣ್ಣ, ಒಂದೇ ಹೆಜ್ಜೆ, ಒಂದೇ ದಿಕ್ಕು.

ಅಪಾಯವಿರುವುದೂ ಈ ಶಿಸ್ತಿನಲ್ಲಿಯೇ. ಭೂತಗನ್ನಡಿಯಿಂದ ಬಿಸಿಲನ್ನು ಒಂದುಗೂಡಿಸಿ ಕಾಗದ ಸುಟ್ಟು ನೋಡದ ಹುಡುಗರುಂಟೆ? ಕಣ್ಣಿನೊಳಗಿನ ಮಸೂರವೂ ಅಂಥದೇ ಕೆಲಸ ಮಾಡುತ್ತದೆ. ಪಾಪೆಯ ಮೂಲಕ ಒಳಹೊಕ್ಕ ಲೇಸರ್ ಕಿರಣವನ್ನು ಅದು ಅಕ್ಷಿಪಟಲದ ಮೇಲೆ ಅತಿ ಕಿರಿದಾದ ಬಿಂದುವಾಗಿಸುತ್ತದೆ. ಆಗ ಬೆಳಕಿನ ತೀಕ್ಷ್ಣತೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಬಲ್ಲುದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟ ಭಾಗ ಮತ್ತೆ ಚಿಗುರುವುದೂ ಇಲ್ಲ. ಬೆರಳು ಸುಟ್ಟ ಮಗು ಅಳುತ್ತದೆ. ಕಣ್ಣು ಸುಟ್ಟ ಮಗು ಅಳುವುದಿಲ್ಲ. ಓದುವಾಗ ಅಕ್ಷರಗಳ ನಡುವೆ ಮಾಸದ ಕಲೆಯೊಂದು ಕಾಣಿಸಿದಾಗಲೇ ಹಾನಿ ತಿಳಿಯುವುದು.

ಆದುದರಿಂದ ಮೊದಲು ನೋಡತಕ್ಕದ್ದು ಸಾಧನದ ಶಕ್ತಿಯನ್ನು. ಒಂದು ಮಿಲಿವಾಟ್ ಮೀರದ ಕಣ್ಣಿಗೆ ಕಾಣುವ ಲೇಸರ್‌ಗಳು 2ನೆಯ ವರ್ಗಕ್ಕೆ ಸೇರಿದವು. ಮನೆಗೆ ಇವು ಸಾಕು. ಅಕಸ್ಮಾತ್ತಾಗಿ ಈ ಕಿರಣ ತಾಗಿದರೆ ಕಾಲು ಸೆಕೆಂಡಿನೊಳಗೆ ರೆಪ್ಪೆ ತಾನೇ ಮುಚ್ಚಿ ಕಣ್ಣನ್ನು ಕಾಯುತ್ತದೆ. ಪಂಥ ಕಟ್ಟಿ ದಿಟ್ಟಿಸುವವರಿಗೆ ಈ ರಕ್ಷೆಯೂ ಇಲ್ಲ. ಚೀಟಿಯೊಂದನ್ನೇ ನಂಬುವಂತೆಯೂ ಇಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 122 ಲೇಸರ್ ಸೂಚಕಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಹಸಿರು ಬಣ್ಣದವುಗಳಲ್ಲಿ ಶೇಕಡಾ 90, ಕೆಂಪಿನವುಗಳಲ್ಲಿ ಶೇಕಡಾ 44 ಸುರಕ್ಷತಾ ನಿಯಮವನ್ನು ಮೀರಿದ್ದವು. ಅಗ್ಗದ ಹಸಿರು ಸಾಧನಗಳಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳೂ ಸೋರುವುದುಂಟು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚೀತೆ? ಶಾಲೆಗಳಿಗೆ ಉಪಕರಣ ಒದಗಿಸುವ ನಂಬಿಕೆಯ ಅಂಗಡಿಯಿಂದ ಕೆಂಪು ಲೇಸರನ್ನು ಕೊಳ್ಳುವುದು ಲೇಸು. ಬಿಸಿಲಿಗೆ ಧರಿಸುವ ಕಪ್ಪು ಕನ್ನಡಕ ಇಲ್ಲಿ ರಕ್ಷಣೆಗೆ ಬಾರದು.

ಪ್ರಯೋಗಕ್ಕೆ ತಂದೆಯೋ ತಾಯಿಯೋ ಜೊತೆಗಿರಬೇಕು. ಲೇಸರನ್ನು ಕೈಯಲ್ಲಿ ಹಿಡಿಯದೆ, ಮೇಜಿನ ಮೇಲೆ ಅಲುಗದಂತೆ ಬಿಗಿದಿರಿಸಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಗುಂಡಿಯನ್ನು ಅದುಮಿಡಬಹುದು. ಕಿರಣವು ಕುಳಿತವರ ಕಣ್ಣಿಗಿಂತ ಕೆಳಗೆ ಹರಿದು, ಹೊಳಪಿಲ್ಲದ ಗೋಡೆಯಲ್ಲಿ ಕೊನೆಗೊಳ್ಳಬೇಕು. ಅದರ ದಾರಿಯಲ್ಲಿ ಸ್ಟೀಲಿನ ಪಾತ್ರೆ, ಕನ್ನಡಿ, ಬಳೆ, ಉಂಗುರಗಳು ಇರಬಾರದು. ಕೋಣೆಯ ದೀಪ ಉರಿಯುತ್ತಿರಲಿ. ಕತ್ತಲೆಯಲ್ಲಿ ಪಾಪೆ ಹಿಗ್ಗಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಕೆಲಸ ಮುಗಿದೊಡನೆ ಬ್ಯಾಟರಿ ತೆಗೆದಿಡಬೇಕು. ದಾರಿಹೋಕರ ಕಡೆಗೆ, ವಾಹನ ವಿಮಾನಗಳ ಕಡೆಗೆ ಲೇಸರನ್ನು ತಿರುಗಿಸುವುದು ಆಟವಲ್ಲ, ಅಪರಾಧ.

ಇಷ್ಟಾದ ಮೇಲೆ ನೋಡಬಹುದಾದ ಸೋಜಿಗಗಳು ಹಲವು. ಅವುಗಳಲ್ಲಿ ಸೊಗಸಾದದ್ದು ಕೂದಲಿನ ದಪ್ಪವನ್ನು ಅಳೆಯುವುದು. ರಟ್ಟಿನ ಚೌಕಟ್ಟಿಗೆ ಒಂದು ಕೂದಲೆಳೆಯನ್ನು ನೆಟ್ಟಗೆ ಅಂಟಿಸಿ ಕಿರಣಕ್ಕೆ ಅಡ್ಡವಾಗಿ ನಿಲ್ಲಿಸಬೇಕು. ಎರಡು ಮೀಟರ್ ದೂರದ ಗೋಡೆಯ ಮೇಲೆ ಕೂದಲಿನ ನೆರಳು ಬೀಳುವುದಿಲ್ಲ! ಬದಲಾಗಿ ನಡುವೆ ಅಗಲವಾದ ಕೆಂಪು ಪಟ್ಟಿ, ಅದರ ಇಕ್ಕೆಲಗಳಲ್ಲಿ ಕಪ್ಪು ಕೆಂಪು ಗೆರೆಗಳ ಸಾಲು ಮೂಡುತ್ತವೆ. ಬೆಳಕು ಅಲೆಯಾಗಿ ಕೂದಲನ್ನು ಬಳಸಿ ಬಾಗುವ ಈ ಕ್ರಿಯೆಗೆ ವಿವರ್ತನೆಯೆಂದು ಹೆಸರು. ಪಟ್ಟಿಯ ನಡುವಿನಿಂದ ಮೊದಲ ಕಪ್ಪು ಗೆರೆಗೆ 18.5 ಮಿಲಿಮೀಟರ್ ಇದ್ದಿತೆನ್ನೋಣ. ಕೆಂಪು ಲೇಸರಿನ ತರಂಗಾಂತರ 0.00065 ಮಿಲಿಮೀಟರ್. ಅದನ್ನು ಗೋಡೆಯ ದೂರವಾದ 2000 ಮಿಲಿಮೀಟರ್‌ಗಳಿಂದ ಗುಣಿಸಿ 18.5ರಿಂದ ಭಾಗಿಸಿದರೆ ಕೂದಲಿನ ದಪ್ಪ ದೊರೆಯುತ್ತದೆ: ಸುಮಾರು 0.07 ಮಿಲಿಮೀಟರ್. ಕೂದಲು ತೆಳುವಾದಷ್ಟೂ ಪಟ್ಟಿ ಅಗಲವಾಗುತ್ತದೆ. ಅಜ್ಜಿಯ ನರೆಗೂದಲನ್ನೂ ಮೊಮ್ಮಗಳ ಕರಿಗೂದಲನ್ನೂ ಒಂದಾದಮೇಲೊಂದರಂತೆ ಇರಿಸಿ ನೋಡಿದರೆ ಯಾವುದು ದಪ್ಪವೆಂಬುದನ್ನು ಗೋಡೆಯೇ ಹೇಳುತ್ತದೆ.