ಕೇದಾರನೇ ಇಳಿದು ಬರುವ ಕಣಿವೆ

ಕೇದಾರನ ದರ್ಶನವಾಗಬೇಕೆಂಬುದು ನಮ್ಮ ತಾಯಿಯವರ ಬಹುದಿನದ ಹಂಬಲ. ಆದರೆ ಎಪ್ಪತ್ತೆಂಟರ ವಯಸ್ಸು, ದುರ್ಬಲವಾದ ಹೃದಯ. 3,583 ಮೀಟರು ಎತ್ತರದ ಆ ಕ್ಷೇತ್ರಕ್ಕೆ ಕರೆದೊಯ್ಯಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಆಗ ನಮಗೆ ದಾರಿ ತೋರಿದ್ದು ಊಖೀಮಠ. ದೀಪಾವಳಿ ಕಳೆದು ಕೇದಾರದ ಬಾಗಿಲು ಮುಚ್ಚಿದ ಮೇಲೆ ಸ್ವಾಮಿಯ ಉತ್ಸವಮೂರ್ತಿಯು ಡೋಲಿಯಲ್ಲಿ ಇಳಿದು ಬಂದು, ಚಳಿಗಾಲವೆಲ್ಲ ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಪೂಜೆಗೊಳ್ಳುತ್ತದೆ. ವೀರಶೈವರ ಪಂಚಪೀಠಗಳಲ್ಲೊಂದಾದ, ಏಕೋರಾಮಾರಾಧ್ಯರ ಪರಂಪರೆಯ ಹಿಮವತ್ಕೇದಾರ ಪೀಠವಿರುವುದೂ ಇಲ್ಲಿಯೇ.

ಮಾರ್ಗಶಿರದ ಒಂದು ಮುಂಜಾನೆ ಇಷ್ಟಲಿಂಗ ಪೂಜೆಯನ್ನು ಮುಗಿಸಿ ಹೃಷೀಕೇಶದಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ಊಖೀಮಠಕ್ಕೆ ಸುಮಾರು 180 ಕಿಲೋಮೀಟರು. ದಾರಿಯುದ್ದಕ್ಕೂ ನದಿಯೇ ಸಂಗಾತಿ. ಶಿವಪುರಿ, ಬ್ಯಾಸಿ ದಾಟುತ್ತಿದ್ದಂತೆ ಬೆಟ್ಟಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ಒಂದು ಬದಿಗೆ ಕಡಿದಾದ ಬಂಡೆ, ಇನ್ನೊಂದು ಬದಿಗೆ ಆಳವಾದ ಕಮರಿ, ತಳದಲ್ಲಿ ಹಸಿರು ಬಣ್ಣದ ಗಂಗೆ. ಹಿಮಾಲಯವು ಮೇಲೇರುತ್ತ ಬಂದಂತೆ ನದಿಯು ಅದನ್ನು ಕೊರೆಯುತ್ತ ಬಂದುದರಿಂದ ಈ ಕಣಿವೆ ಇಷ್ಟು ಆಳವಾಗಿದೆ.

ಎಪ್ಪತ್ತು ಕಿಲೋಮೀಟರು ಸಾಗಿದರೆ ದೇವಪ್ರಯಾಗ. ಭಾಗೀರಥಿ, ಅಲಕನಂದೆಯರು ಬೇರೆ ಬೇರೆ ಬಣ್ಣದಲ್ಲಿ ಬಂದು ಇಲ್ಲಿ ಕೂಡುತ್ತಾರೆ. ಗಂಗೆಯೆಂಬ ಹೆಸರು ಇಲ್ಲಿಂದಲೇ ಆರಂಭ. ಮುಂದೆ ಅಲಕನಂದೆಯ ಜೊತೆಯಲ್ಲಿ ಶ್ರೀನಗರವನ್ನು ದಾಟಿದೆವು. ಅಲ್ಲಿಂದಾಚೆ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನಿಂದಾಗಿ ನದಿಯು ಕೆರೆಯಂತೆ ನಿಂತಿದೆ. ಮುಳುಗಡೆಯಿಂದ ಉಳಿಸಲು ಧಾರಿದೇವಿಯ ಮೂರ್ತಿಯನ್ನು 2013ರ ಜೂನ್ 16ರಂದು ಎತ್ತರಕ್ಕೆ ಸಾಗಿಸಲಾಯಿತು. ಕೇದಾರದ ಮಹಾಪ್ರವಾಹ ಬಂದದ್ದೂ ಆ ಹೊತ್ತಿನಲ್ಲಿಯೇ. ದೇವಿಯನ್ನು ಕದಲಿಸಿದ್ದೇ ಕಾರಣವೆಂದು ಇಲ್ಲಿಯ ಎಷ್ಟೋ ಜನ ನಂಬುತ್ತಾರೆ. ಅತಿವೃಷ್ಟಿಯೂ, ಕೇದಾರದ ಮೇಲಿನ ಚೋರಾಬಾರಿ ಸರೋವರವು ಒಡೆದದ್ದೂ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ.

ಧಾರಿದೇವಿಯನ್ನು ದಾಟಿದ ಮೇಲೆ ಒಂದೆಡೆ ಮೇಲಿಂದ ಕಲ್ಲು ಉರುಳಿ ದಾರಿ ಕಟ್ಟಿತ್ತು. 2016ರ ಕೊನೆಯಲ್ಲಿ ಶಂಕುಸ್ಥಾಪನೆಯಾದ ಚಾರಧಾಮ ಯೋಜನೆಯಲ್ಲಿ ರಸ್ತೆಯನ್ನು ಅಗಲಗೊಳಿಸಲು ಬೆಟ್ಟದ ಮಗ್ಗುಲನ್ನು ಕಡಿದಿದ್ದಾರೆ. ಅಗಲವಾದ ದಾರಿಯಿಂದ ಪ್ರಯಾಣ ಸುಗಮವಾಗಿದೆ, ನಿಜ. ಆದರೆ ಕಡಿದ ಬೆಟ್ಟ ಇನ್ನೂ ನೆಲೆ ನಿಂತಿಲ್ಲ. ಎರಡು ಗಂಟೆ ಕಾಯಬೇಕಾಯಿತು. ತಾಯಿಯವರಿಗೆ ಉಸಿರು ಭಾರವಾಯಿತು. ಹಿಂದಿರುಗುವುದೇ ಲೇಸೆಂದು ನಾವು ಮಾತನಾಡಿಕೊಂಡೆವು. ಅವರು ಮಾತ್ರ ನದಿಯತ್ತ ನೋಡುತ್ತ, “ನೀರು ನಿಂತು ನಿಂತು ಹರೀತದ, ನಾವೂ ನಿಂತು ಹೋಗೋಣ ಬಿಡ್ರಪಾ” ಎಂದರು. ಆ ರಾತ್ರಿ ರುದ್ರಪ್ರಯಾಗದಲ್ಲಿ ಉಳಿದೆವು.

ಮರುದಿನ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ದಂಡೆ ಹಿಡಿದೆವು. ತಿಲವಾಡಾ, ಅಗಸ್ತ್ಯಮುನಿ, ಚಂದ್ರಾಪುರಿಗಳ ಈ ಕಣಿವೆಯಲ್ಲಿ 2013ರಲ್ಲಿ ಸೇತುವೆಗಳೂ ಮನೆಗಳೂ ಕೊಚ್ಚಿಹೋದವು. ಮೇಲಿನ ರಾಮಬಾಡಾ ಎಂಬ ತಂಗುದಾಣವಂತೂ ಹೇಳಹೆಸರಿಲ್ಲದಾಯಿತು. ಇಂದು ಮಂದಾಕಿನಿಯು ಏನೂ ಅರಿಯದ ಕೂಸಿನಂತೆ ಕಲ್ಲುಗಳ ನಡುವೆ ಹರಿಯುತ್ತಿದ್ದಾಳೆ. ಕುಂಡದಲ್ಲಿ ದಾರಿ ಕವಲೊಡೆಯುತ್ತದೆ; ಒಂದು ಗುಪ್ತಕಾಶಿಗೆ, ಇನ್ನೊಂದು ಊಖೀಮಠಕ್ಕೆ. ಕಣಿವೆಯ ಆಚೆಗೊಂದು ಈಚೆಗೊಂದು ಎದುರುಬದುರಾಗಿ ನಿಂತ ಊರುಗಳವು.

ಓಂಕಾರೇಶ್ವರನ ಅಂಗಳದಲ್ಲಿ ನಮ್ಮ ಮಾತು ಕೇಳಿದ ಅರ್ಚಕರೊಬ್ಬರು “ಯಾವ ಊರಿನವರು ತಾವು?” ಎಂದು ಅಚ್ಚಗನ್ನಡದಲ್ಲಿ ವಿಚಾರಿಸಿದರು. ಕೇದಾರದ ರಾವಲರೂ ಅರ್ಚಕರೂ ನಮ್ಮ ನಾಡಿನ ವೀರಶೈವ ಜಂಗಮ ಪರಂಪರೆಯಿಂದ ಬರುವುದು ನಡೆದುಬಂದ ಸಂಪ್ರದಾಯವೆಂದು ಓದಿ ಬಲ್ಲೆವು. ಆದರೂ ಹಿಮಾಲಯದ ಮಡಿಲಲ್ಲಿ ಕನ್ನಡ ಕೇಳಿದಾಗ ಕಣ್ಣು ತೇವವಾಯಿತು. ತಾಯಿಯವರು ಕೈಮುಗಿದು, “ನಾ ಏರಲಾರೆ ಅಂತ ಅವನ ಇಳದು ಬಂದಾನ ನೋಡ್ರಿ” ಎಂದರು.

ಮನೆಯ ಹಿರಿಯರಿಗೆ ಕೇದಾರದ ಬಯಕೆಯಿದ್ದು ಏರಲು ಶಕ್ತಿಯಿಲ್ಲದಿದ್ದರೆ ಬಂಧುಗಳು ನಿರಾಶರಾಗಬೇಕಿಲ್ಲ. ವೈದ್ಯರನ್ನು ಕೇಳಿ, ಮಳೆಗಾಲವನ್ನು ಬಿಟ್ಟು ಚಳಿಗಾಲದಲ್ಲಿ ಹೊರಡಿರಿ. ಬೆಚ್ಚನೆಯ ಉಡುಪು ಜೊತೆಗಿರಲಿ. ಪ್ರಯಾಣಕ್ಕೆ ಎರಡು ದಿನ ಮೀಸಲಿಡಿರಿ. ಕತ್ತಲಾದ ಮೇಲೆ ಕಣಿವೆಯ ದಾರಿ ಬೇಡ. ಅವಸರವಿಲ್ಲದೆ ಹೋದವರಿಗೆ ಈ ದಾರಿಯೇ ಅರ್ಧ ದರ್ಶನ.